ಜೇಡರ ಬಲೆ ಬಿಡಿಸುವ ಕೆಲಸ: ನೆಟ್‌ವರ್ಕ್ ಮ್ಯಾಪ್ ಜೋಡಿಸುವುದು ಹೇಗೆ

ನೆಟ್‌ವರ್ಕ್‌ನ ಉಪಕರಣಗಳ ಮೇಲೆ ಕಣ್ಣಿಡುವ ಹೊಸ ನೆಟ್‌ವರ್ಕ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಹಾಕಿದ ಮೊದಲ ದಿನ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕೋರ್ ಸ್ವಿಚ್‌ನ (ಮಿಕ್ಕ ಸ್ವಿಚ್‌ಗಳ ಕೇಬಲ್‌ಗಳೆಲ್ಲ ಬಂದು ಸೇರುವ ನಡುವಿನ ಡಬ್ಬಿ) ವಿಳಾಸ ಕೊಟ್ಟು, ಉಪಕರಣಗಳನ್ನು ತಾನೇ ಹುಡುಕುವ ‘ಡಿಸ್ಕವರಿ’ ಒತ್ತಿ, ಕೆಳಗಿನ ದರ್ಶಿನಿಗೆ ಹೋದೆ. ಬೈಟು ಕಾಫಿ ಮುಗಿಸಿ ಬರುವಷ್ಟರಲ್ಲಿ ತೆರೆ ತುಂಬ ಜೇಡರ ಬಲೆ. 612 ಐಕಾನ್, ಎಣಿಸಲಾಗದಷ್ಟು ಗೆರೆ. ಪೀಣ್ಯ, ಜಯನಗರ, ವೈಟ್‌ಫೀಲ್ಡ್, ಬೊಮ್ಮಸಂದ್ರ ಅಂತ ಊರೆಲ್ಲ ಹರಡಿರುವ ನಮ್ಮ 14 ಕಚೇರಿಗಳೂ ಅದರೊಳಗೇ ಇದ್ದವು, ಆದರೆ ಒಂದೂ ಕಾಣುತ್ತಿರಲಿಲ್ಲ. ಮ್ಯಾನೇಜರ್ ಬಂದು ನೋಡಿ, ‘ಸೂಪರಾಗಿದೆ, ಗೋಡೆ ಟಿವಿಗೆ ಹಾಕಿಬಿಡಿ’ ಅಂದರು. ಹಾಕಿದೆವು. ಎಂಟು ತಿಂಗಳು ಅದು ಗೋಡೆಯ ಮೇಲೆ ಮಿಣುಕುತ್ತಿತ್ತು. ಆ ಎಂಟು ತಿಂಗಳಲ್ಲಿ ಅದನ್ನು ನೋಡಿ ಒಂದೇ ಒಂದು ತೊಂದರೆಯನ್ನೂ ಯಾರೂ ಪತ್ತೆ ಹಚ್ಚಲಿಲ್ಲ. ಕಚೇರಿಗೆ ಬಂದ ಅತಿಥಿಗಳು ಮಾತ್ರ ಅದರ ಮುಂದೆ ನಿಂತು ಫೋಟೊ ತೆಗೆದುಕೊಂಡರು.

ಟೋಪಾಲಜಿ ಮ್ಯಾಪ್ ಅಂದರೆ ಯಾವ ಡಬ್ಬಿ ಯಾವ ಡಬ್ಬಿಗೆ ಸೇರಿಕೊಂಡಿದೆ ಅಂತ ತೋರಿಸುವ ಚಿತ್ರ, ಅಷ್ಟೆ. ದೂರ, ದಿಕ್ಕು, ಅಳತೆ ಅದರ ಲೆಕ್ಕಕ್ಕಿಲ್ಲ. ನಮ್ಮ ಮೆಟ್ರೊ ಬೋಗಿಯ ಬಾಗಿಲ ಮೇಲಿನ ಪಟ್ಟಿ ನೆನಪಿಸಿಕೊಳ್ಳಿ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗದ 37 ನಿಲ್ದಾಣಗಳು ದಾರಕ್ಕೆ ಪೋಣಿಸಿದ ಹೂವಿನಂತೆ ಒಂದೇ ಗೆರೆಯಲ್ಲಿರುತ್ತವೆ. ಹಳಿ ಅಷ್ಟು ನೇರ ಇಲ್ಲವಲ್ಲ ಅಂತ ಯಾರೂ ತಕರಾರು ತೆಗೆಯುವುದಿಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿದರೆ ಹಸಿರು ಮಾರ್ಗ ಸಿಗುತ್ತದೆ ಅನ್ನುವುದು ಗೊತ್ತಾದರೆ ಪ್ರಯಾಣಿಕರಿಗೆ ಸಾಕು. ಈ ಬಗೆಯ ನಕ್ಷೆಯನ್ನು ಜನಪ್ರಿಯ ಮಾಡಿದ್ದು ಲಂಡನ್ ಸುರಂಗ ರೈಲಿನ ಡ್ರಾಫ್ಟ್ಸ್‌ಮನ್ ಹ್ಯಾರಿ ಬೆಕ್. 1931ರಲ್ಲಿ ಆತ ಬರೆದದ್ದು 1933ರಲ್ಲಿ ಅಚ್ಚಾಯಿತು. ಎಲ್ಲಿ ಹತ್ತಬೇಕು, ಎಲ್ಲಿ ಬದಲಾಯಿಸಬೇಕು ಅನ್ನುವ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು, ಮಿಕ್ಕಿದ್ದನ್ನೆಲ್ಲ ಬಿಟ್ಟಿದ್ದರಿಂದಲೇ ಆ ನಕ್ಷೆ ಕೆಲಸಕ್ಕೆ ಬಂತು. ನಮ್ಮ ಗೋಡೆಯ ಮೇಲಿದ್ದದ್ದು ಎಲ್ಲ ಪ್ರಶ್ನೆಗಳಿಗೂ ಒಂದೇ ಸಲ ಉತ್ತರ ಹೇಳಲು ಹೊರಟಿತ್ತು.

ಗೆರೆ ಬರುವುದು ಎಲ್ಲಿಂದ

ಜೋಡಿಸುವ ಮೊದಲು, ಸಾಫ್ಟ್‌ವೇರ್‌ಗೆ ಈ ಗೆರೆಗಳೆಲ್ಲ ಹೇಗೆ ಗೊತ್ತಾದವು ಅನ್ನುವುದನ್ನು ತಿಳಿದುಕೊಳ್ಳಬೇಕು. ಮ್ಯಾಪ್ ಎಲ್ಲಿ ಸುಳ್ಳು ಹೇಳುತ್ತದೆ ಅನ್ನುವುದು ಗೊತ್ತಾಗುವುದು ಆಗಲೇ.

ಸಾಫ್ಟ್‌ವೇರ್ ಕೇಬಲ್ ಹಿಡಿದುಕೊಂಡು ಹೋಗಿ ನೋಡುವುದಿಲ್ಲ. ಒಂದೊಂದು ಉಪಕರಣವನ್ನೂ ‘ನಿನ್ನ ಅಕ್ಕಪಕ್ಕ ಯಾರಿದ್ದಾರೆ?’ ಅಂತ ಕೇಳುತ್ತದೆ. ಕೇಳುವ ಭಾಷೆ ಎಸ್‌ಎನ್‌ಎಂಪಿ. ಇದು 1988ರಿಂದ ಇರುವ ಪ್ರೋಟೊಕಾಲ್, ಅಂದರೆ ಉಪಕರಣಗಳು ಮಾತಾಡಿಕೊಳ್ಳುವ ನಿಯಮ. ಉತ್ತರ ಹೆಚ್ಚಾಗಿ ಬರುವುದು ಎಲ್‌ಎಲ್‌ಡಿಪಿ ಅನ್ನುವ ಇನ್ನೊಂದು ಪ್ರೋಟೊಕಾಲ್ ಕಟ್ಟಿಕೊಟ್ಟ ನೆರೆಯವರ ಪಟ್ಟಿಯಿಂದ. ಎಲ್‌ಎಲ್‌ಡಿಪಿ ಚಾಲೂ ಇರುವ ಸ್ವಿಚ್ ತನ್ನ ಪ್ರತಿಯೊಂದು ಪೋರ್ಟ್‌ನಿಂದಲೂ (ಕೇಬಲ್ ಸಿಕ್ಕಿಸುವ ಕಿಂಡಿ) ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಒಂದು ಫ್ರೇಮ್, ಅಂದರೆ ಚಿಕ್ಕ ಸಂದೇಶ, ಹೊರಗೆ ಬಿಡುತ್ತದೆ. ಅದರಲ್ಲಿರುವುದು ಇಷ್ಟೇ: ನಾನು ಇಂಥವನು, ಇದು ನನ್ನ 24ನೇ ಪೋರ್ಟ್, ಈ ಮಾತನ್ನು 120 ಸೆಕೆಂಡ್ ನೆನಪಿಟ್ಟುಕೋ. ಕೇಬಲ್‌ನ ಆ ತುದಿಯಲ್ಲಿರುವ ಸ್ವಿಚ್ ಅದನ್ನು ಬರೆದಿಟ್ಟುಕೊಳ್ಳುತ್ತದೆ, ಮುಂದಕ್ಕೆ ದಾಟಿಸುವುದಿಲ್ಲ. ಹೀಗಾಗಿ ಪ್ರತಿ ಸ್ವಿಚ್‌ಗೂ ಗೊತ್ತಿರುವುದು ತನ್ನ ಪಕ್ಕದ ಮನೆ ಮಾತ್ರ. ಪೂರ್ತಿ ಬೀದಿಯ ಚಿತ್ರ ಯಾರ ಬಳಿಯೂ ಇಲ್ಲ. ಎಲ್ಲರ ಪಟ್ಟಿ ತರಿಸಿಕೊಂಡು, ‘ಅ’ ಹೇಳಿದ್ದನ್ನೂ ‘ಆ’ ಹೇಳಿದ್ದನ್ನೂ ತಾಳೆ ನೋಡಿ ಒಂದು ಗೆರೆ ಎಳೆಯುವುದು ಸಾಫ್ಟ್‌ವೇರ್‌ನ ಕೆಲಸ. ಸಿಸ್ಕೊ ಉಪಕರಣಗಳಲ್ಲಿ ಇದೇ ಕೆಲಸಕ್ಕೆ ಸಿಡಿಪಿ ಅಂತ ಅವರದೇ ಒಂದು ಪ್ರೋಟೊಕಾಲ್ ಇದೆ. ಅದು 60 ಸೆಕೆಂಡಿಗೊಮ್ಮೆ ಕೂಗುತ್ತದೆ, 180 ಸೆಕೆಂಡ್ ನೆನಪಿಡಲು ಹೇಳುತ್ತದೆ.

ಈಗ ಸುಳ್ಳುಗಳಿಗೆ ಬರೋಣ. ಯಾರೋ ಮೇಜಿನ ಕೆಳಗೆ ಎಂಟು ಪೋರ್ಟಿನ ಅಗ್ಗದ ಸ್ವಿಚ್ ಇಟ್ಟಿರುತ್ತಾರೆ. ಅದಕ್ಕೆ ಐಪಿ ವಿಳಾಸವೂ ಇಲ್ಲ, ಎಸ್‌ಎನ್‌ಎಂಪಿಯೂ ಬಾರದು. ಆದರೆ ಇಂಥ ಕೆಲವು ಡಬ್ಬಿಗಳು ಎಲ್‌ಎಲ್‌ಡಿಪಿ ಫ್ರೇಮನ್ನು ತಡೆಯದೆ ಆಚೆಗೆ ಬಿಟ್ಟುಬಿಡುತ್ತವೆ. ಆಗ ಒಂದೇ ಪೋರ್ಟಿಗೆ ಮೂರು ನೆರೆಯವರು ಕಾಣಿಸಿಕೊಳ್ಳುತ್ತಾರೆ. ಒಂದು ಪೋರ್ಟಿನಲ್ಲಿ ಒಂದೇ ಕೇಬಲ್ ಕೂರುವುದು ತಾನೆ? ಮ್ಯಾಪ್‌ನಲ್ಲಿ ಇಂಥ ಅಸಾಧ್ಯವಾದ ಮೂರು ಗೆರೆ ಕಂಡರೆ ಟಾರ್ಚ್ ಹಿಡಿದು ಮೇಜಿನ ಕೆಳಗೆ ಬಗ್ಗಿ ನೋಡಿ.

ಇನ್ನೊಂದು ನನ್ನನ್ನು ನಿಜಕ್ಕೂ ಬೇಸ್ತು ಬೀಳಿಸಿದ್ದು. ಲಿಂಕ್ ಡೌನ್ ಆಯಿತು ಅಂದುಕೊಳ್ಳಿ. 120 ಸೆಕೆಂಡ್ ಕಳೆದ ಮೇಲೆ ನೆರೆಯವನ ಹೆಸರು ಪಟ್ಟಿಯಿಂದ ಅಳಿದುಹೋಗುತ್ತದೆ. ಅದೇ ಹೊತ್ತಿಗೆ ರಾತ್ರಿಯ ಮರು ಡಿಸ್ಕವರಿ ನಡೆದರೆ, ಸಾಫ್ಟ್‌ವೇರ್ ‘ಇಲ್ಲಿ ಲಿಂಕೇ ಇಲ್ಲ’ ಅಂತ ತೀರ್ಮಾನಿಸಿ ಗೆರೆಯನ್ನೇ ಅಳಿಸಿಬಿಡಬಹುದು. ಕೆಂಪಾಗಬೇಕಾದ ಗೆರೆ ಮಾಯ! ಬೆಳಗ್ಗೆ ಬಂದವರಿಗೆ ಮ್ಯಾಪ್ ಎಲ್ಲ ಹಸಿರು. ಅದಕ್ಕೇ ಅಪ್‌ಲಿಂಕ್‌ಗಳಂಥ (ಮೇಲಿನ ಹಂತಕ್ಕೆ ಸೇರಿಸುವ ಲಿಂಕ್) ಮುಖ್ಯ ಗೆರೆಗಳನ್ನು ಕೈಯಾರೆ ಖಾತ್ರಿ ಮಾಡಿ, ಡಿಸ್ಕವರಿ ಮುಟ್ಟದ ಹಾಗೆ ಬೀಗ ಹಾಕಿಡಬೇಕು. ಆಟೊಮ್ಯಾಟಿಕ್ ಮ್ಯಾಪ್ ಒಂದು ಕರಡು. ಅದಕ್ಕೆ ಸಹಿ ಹಾಕಬೇಕಾದವರು ನಾವು.

ಇನ್ನು ಆ 612 ಐಕಾನ್ ಯಾವುವು ಅಂತ ಎಣಿಸಿದಾಗ ನಗು ಬಂತು. 400ಕ್ಕೂ ಹೆಚ್ಚು ಮೇಜಿನ ಮೇಲಿನ ಐಪಿ ಫೋನ್‌ಗಳು. ಅವಕ್ಕೂ ಎಲ್‌ಎಲ್‌ಡಿಪಿ ಬರುತ್ತದೆ, ‘ನಾನಿದ್ದೀನಿ’ ಅಂತ ಅವೂ ಕೂಗಿವೆ. ಫೋನ್, ಕ್ಯಾಮೆರಾ, ವೈಫೈ ಆಕ್ಸೆಸ್ ಪಾಯಿಂಟ್ ಇವೆಲ್ಲ ಪಟ್ಟಿಯಲ್ಲಿರಲಿ, ಮ್ಯಾಪ್‌ನಲ್ಲಿ ಬೇಡ. ಸ್ವಿಚ್‌ನ ಪಕ್ಕ ‘ಫೋನ್ 31’ ಅಂತ ಒಂದು ಸಂಖ್ಯೆ ಬರೆದರೆ ಧಾರಾಳವಾಯಿತು. ಈ ಒಂದೇ ಹೆಜ್ಜೆಗೆ ನಮ್ಮ ಬಲೆಯ ಮೂರರಲ್ಲಿ ಎರಡು ಪಾಲು ಉದುರಿಹೋಯಿತು.

ತಾನೇ ಜೋಡಿಸಿಕೊಳ್ಳಲಿ ಅಂದರೆ

ಉಳಿದದ್ದನ್ನು ‘ಆಟೊ ಲೇಔಟ್’ ಗುಂಡಿ ನೋಡಿಕೊಳ್ಳುತ್ತದೆ ಅಂತ ಅಂದುಕೊಂಡಿದ್ದೆ. ಬಹುತೇಕ ಸಾಫ್ಟ್‌ವೇರ್‌ಗಳಲ್ಲಿ ಆ ಗುಂಡಿಯ ಹಿಂದಿರುವುದು ಸ್ಪ್ರಿಂಗ್ ಲೆಕ್ಕ. ಪ್ರತಿ ಗೆರೆಯೂ ಒಂದು ಸ್ಪ್ರಿಂಗ್, ಎಳೆದುಕೊಳ್ಳುತ್ತದೆ. ಪ್ರತಿ ಐಕಾನ್ ಇನ್ನೊಂದನ್ನು ದೂರ ತಳ್ಳುತ್ತದೆ. ಎಳೆದಾಟ ತಣ್ಣಗಾದಾಗ ಯಾವ ಐಕಾನ್ ಎಲ್ಲಿ ನಿಂತಿತೋ ಅದೇ ಲೇಔಟ್. 1984ರಿಂದ 1991ರವರೆಗೆ ಸಂಶೋಧಕರು ಇದರ ಹಲವು ರೂಪಗಳನ್ನು ಬರೆದರು, ಇವತ್ತಿಗೂ ಅವೇ ಓಡುತ್ತಿವೆ. 30, 40 ಐಕಾನ್ ಇದ್ದರೆ ಚಿತ್ರ ಚೆನ್ನಾಗಿಯೇ ಬರುತ್ತದೆ. ನೂರಾರು ಆದರೆ ನಡುವೆ ಒಂದು ಕೂದಲುಂಡೆ.

ಕೂದಲುಂಡೆಗಿಂತ ದೊಡ್ಡ ತೊಂದರೆ ಇನ್ನೊಂದಿದೆ. ಒಂದು ಸ್ವಿಚ್ ಸೇರಿಸಿದರೆ ಮತ್ತೆ ಎಳೆದಾಟ ಶುರುವಾಗಿ ಎಲ್ಲವೂ ಜಾಗ ಬದಲಿಸುತ್ತವೆ. ನಿನ್ನೆ ಬಲಮೂಲೆಯಲ್ಲಿದ್ದ ಜಯನಗರ ಇವತ್ತು ಕೆಳಗೆ. ಕತ್ತಲೆಯಲ್ಲಿ ಎದ್ದು ಕೈಚಾಚಿದರೆ ಸ್ವಿಚ್‌ಬೋರ್ಡ್ ಸಿಗುವುದು ಅದು ದಿನಾ ಅಲ್ಲೇ ಇರುವುದರಿಂದ. ರಾತ್ರಿ ಪಾಳಿಯವರಿಗೂ ಮ್ಯಾಪ್ ಹಾಗೇ ಇರಬೇಕು. ಆದ್ದರಿಂದ ಆಟೊ ಲೇಔಟ್ ಒಂದು ಸಲ ಒತ್ತಿ, ಬಂದದ್ದನ್ನು ಕೈಯಿಂದ ತಿದ್ದಿ, ಜಾಗ ಖಾಯಂ ಮಾಡಿ. ಮತ್ತೆ ಆ ಗುಂಡಿಯ ಹತ್ತಿರ ಯಾರನ್ನೂ ಬಿಡಬೇಡಿ.

ಮೇನ್, ಕ್ರಾಸ್, ಬ್ಲಾಕ್

ಈಗ ಅಸಲು ಕೆಲಸ: ಒಂದು ದೊಡ್ಡ ಮ್ಯಾಪನ್ನು ಸಬ್‌ಮ್ಯಾಪ್‌ಗಳಾಗಿ ಒಡೆಯುವುದು. ಮ್ಯಾಪ್‌ನೊಳಗೆ ಇನ್ನೊಂದು ಮ್ಯಾಪ್ ಐಕಾನ್ ಆಗಿ ಕೂತಿರುತ್ತದೆ, ಒತ್ತಿದರೆ ತೆರೆದುಕೊಳ್ಳುತ್ತದೆ. ಜಬಿಕ್ಸ್, ಮೈಕ್ರೊಟಿಕ್‌ನ ‘ದ ಡ್ಯೂಡ್’ ಅನ್ನುವ ಸಾಫ್ಟ್‌ವೇರ್‌ಗಳಲ್ಲಿ ಈ ಸೌಲಭ್ಯ ಇದೆ. ಸೌಲಭ್ಯ ಸುಲಭ, ಯಾವ ಲೆಕ್ಕದಲ್ಲಿ ಒಡೆಯಬೇಕು ಅನ್ನುವುದೇ ಕಷ್ಟ.

ನಾನು ಮೊದಲು ಮಾಡಿದ್ದು ಶುದ್ಧ ದಡ್ಡತನ. ರೂಟರ್‌ಗಳೆಲ್ಲ ಒಂದು ಮ್ಯಾಪ್, ಸ್ವಿಚ್‌ಗಳೆಲ್ಲ ಒಂದು, ಫೈರ್‌ವಾಲ್‌ಗಳೆಲ್ಲ ಇನ್ನೊಂದು. ನೋಡಲು ಅಚ್ಚುಕಟ್ಟು. ಆದರೆ ಅದು ಸಾಮಾನು ಪಟ್ಟಿ, ಮ್ಯಾಪ್ ಅಲ್ಲ. ಮನೆಯ ಬಾಗಿಲುಗಳನ್ನೆಲ್ಲ ಕಳಚಿ ಒಂದು ಕೋಣೆಯಲ್ಲಿ ಪೇರಿಸಿಟ್ಟ ಹಾಗೆ. ತೊಂದರೆ ಬಂದಾಗ ಅದು ಸ್ವಿಚ್‌ನಿಂದ ರೂಟರ್‌ಗೆ, ರೂಟರ್‌ನಿಂದ ಫೈರ್‌ವಾಲ್‌ಗೆ ಹರಿಯುತ್ತದೆ. ನಾವು ಮೂರು ಮ್ಯಾಪ್‌ಗಳ ನಡುವೆ ಓಡಾಡುತ್ತಿರುತ್ತೇವೆ.

ಸಬ್‌ನೆಟ್ (ಐಪಿ ವಿಳಾಸಗಳ ಒಂದು ಗುಂಪು) ಲೆಕ್ಕದಲ್ಲಿ ಒಡೆಯುವ ಪದ್ಧತಿ ಹಳೆಯದು. ಎಚ್‌ಪಿ ಓಪನ್‌ವ್ಯೂ ಅನ್ನುವ ಹಳೆಯ ಸಾಫ್ಟ್‌ವೇರ್‌ನ ಕಾಲದಲ್ಲಿ ಇಂಟರ್‌ನೆಟ್, ಅದರೊಳಗೆ ನೆಟ್‌ವರ್ಕ್, ಅದರೊಳಗೆ ಸೆಗ್ಮೆಂಟ್, ಕೊನೆಗೆ ನೋಡ್ ಅಂತ ಮ್ಯಾಪ್ ತೆರೆದುಕೊಳ್ಳುತ್ತಿತ್ತು. ಒಂದು ಸಬ್‌ನೆಟ್ ಅಂದರೆ ಹೆಚ್ಚುಕಡಿಮೆ ಒಂದು ಜಾಗ ಅಂತ ಇದ್ದಾಗ ಅದು ಸರಿಯಾಗಿತ್ತು. ಒಂದು ಸ್ವಿಚ್ಚನ್ನು ಹಲವು ಬೇರೆ ನೆಟ್‌ವರ್ಕ್‌ಗಳಂತೆ ಹಂಚುವ ವಿಎಲ್ಯಾನ್ ಬಂದ ಮೇಲೆ ಒಂದೇ ಸ್ವಿಚ್‌ನಲ್ಲಿ ಹತ್ತು ಸಬ್‌ನೆಟ್, ಒಂದೇ ಸಬ್‌ನೆಟ್ ನಾಲ್ಕು ಮಹಡಿಯಲ್ಲಿ. ಆ ಲೆಕ್ಕ ಅಲ್ಲಿಗೆ ಕೆಟ್ಟಿತು.

ಕೊನೆಗೆ ದಾರಿ ತೋರಿಸಿದ್ದು ಬೆಂಗಳೂರಿನ ವಿಳಾಸ. ಆಟೊ ಹತ್ತಿ ‘27ನೇ ಕ್ರಾಸ್’ ಅಂತ ಶುರು ಮಾಡಿದರೆ ಡ್ರೈವರ್ ಹಿಂದಕ್ಕೆ ತಿರುಗಿ ನೋಡುತ್ತಾರೆ. ‘ಜಯನಗರ’ ಅನ್ನಬೇಕು, ಆಮೇಲೆ ‘4ನೇ ಬ್ಲಾಕ್’, ಹತ್ತಿರ ಬಂದ ಮೇಲೆ ಮೇನ್, ಕೊನೆಗೆ ಕ್ರಾಸ್. 1ನೇ ಮೇನ್, 1ನೇ ಕ್ರಾಸ್ ಈ ಊರಿನ ಹೆಚ್ಚುಕಡಿಮೆ ಪ್ರತಿ ಬಡಾವಣೆಯಲ್ಲೂ ಇದೆ. ಬಡಾವಣೆಯ ಹೆಸರಿಲ್ಲದೆ ಅದಕ್ಕೆ ಅರ್ಥವಿಲ್ಲ. ನಮ್ಮ ಖಾಸಗಿ ಐಪಿ ವಿಳಾಸಗಳದ್ದೂ (ಸ್ವಂತ ನೆಟ್‌ವರ್ಕ್‌ನೊಳಗೆ ಮಾತ್ರ ನಡೆಯುವ ವಿಳಾಸ) ಇದೇ ಕಥೆ. 1996ರ ಆರ್‌ಎಫ್‌ಸಿ 1918 ಅನ್ನುವ ಇಂಟರ್‌ನೆಟ್ ದಾಖಲೆ ಖಾಸಗಿ ಬಳಕೆಗೆ ಅಂತ ಮೂರು ವ್ಯಾಪ್ತಿಗಳನ್ನು ಬಿಟ್ಟುಕೊಟ್ಟಿದೆ, ಅವುಗಳಲ್ಲಿ 192.168 ಒಂದು. ಯಾರು ಬೇಕಾದರೂ ಬಳಸಬಹುದಾದ್ದರಿಂದ ಎಲ್ಲರೂ ಬಳಸುತ್ತಾರೆ. ನಾವು ಕೊಂಡ ಒಂದು ಸಣ್ಣ ಕಚೇರಿಯಲ್ಲೂ 192.168.1.1 ಇತ್ತು, ಪೀಣ್ಯದಲ್ಲೂ ಇತ್ತು. ಸಾಫ್ಟ್‌ವೇರ್ ಎರಡೂ ಒಂದೇ ಉಪಕರಣ ಅಂತ ತಿಳಿದು, ಪೀಣ್ಯದಿಂದ ನೇರ ಆ ಕಚೇರಿಯೊಳಕ್ಕೆ ಒಂದು ಗೆರೆ ಎಳೆದಿತ್ತು. ಡಿಸ್ಕವರಿಯನ್ನು ಸೈಟ್, ಅಂದರೆ ಒಂದೊಂದು ಕಚೇರಿಯ, ಲೆಕ್ಕದಲ್ಲಿ ಬೇರೆಬೇರೆಯಾಗಿ ಓಡಿಸಿದ ಮೇಲೆ ಸರಿಹೋಯಿತು.

ಹೀಗಾಗಿ ಮೊದಲ ಮ್ಯಾಪ್ ‘ಬೆಂಗಳೂರು’. ಅದರಲ್ಲಿ 14 ಐಕಾನ್ ಮತ್ತು ಅವುಗಳ ನಡುವಿನ ಲಿಂಕ್ ಮಾತ್ರ. ಒಂದನ್ನು ಒತ್ತಿದರೆ ಸೈಟ್: ಮೇಲೆ ಸೇವಾದಾರರ ಲಿಂಕ್, ಅದರ ಕೆಳಗೆ ರೂಟರ್, ಫೈರ್‌ವಾಲ್, ಕೋರ್, ಕೆಳಸಾಲಿನಲ್ಲಿ ಮಹಡಿಗಳು. ಮಹಡಿ ಒತ್ತಿದರೆ ಆಕ್ಸೆಸ್ ಸ್ವಿಚ್‌ಗಳು, ಅಂದರೆ ಮೇಜುಗಳ ಕೇಬಲ್ ಬಂದು ಸೇರುವ ಸ್ವಿಚ್‌ಗಳು. ಮೂರು ಕ್ಲಿಕ್‌ನಲ್ಲಿ ಪೋರ್ಟ್ ಸಿಗಬೇಕು. ನಾಲ್ಕನೆಯ ಹಂತ ಡೇಟಾ ಸೆಂಟರ್‌ನ ರ‍್ಯಾಕ್‌ಗಳಿಗೆ ಮಾತ್ರ ಇಟ್ಟೆವು. ಎಲ್ಲ ಸೈಟ್ ಮ್ಯಾಪ್‌ನಲ್ಲೂ ಒಂದೇ ಕ್ರಮ, ಒಂದೇ ಜಾಗ. ಬೊಮ್ಮಸಂದ್ರ ನೋಡಿ ಗೊತ್ತಿದ್ದವರಿಗೆ ವೈಟ್‌ಫೀಲ್ಡ್ ಹೊಸದಲ್ಲ.

ಎರಡು ಮ್ಯಾಪ್‌ಗಳ ನಡುವಿನ ಲಿಂಕ್ ಎಲ್ಲಿ ಬರೆಯಬೇಕು? ಇದು ಎಲ್ಲರೂ ಎಡವುವ ಜಾಗ. ಪೀಣ್ಯದ ರೂಟರ್ ವೈಟ್‌ಫೀಲ್ಡ್‌ನ ಕೋರ್‌ಗೆ ಸೇರಿಕೊಂಡಿದೆ ಅಂತ ಪೀಣ್ಯದ ಮ್ಯಾಪ್‌ನಲ್ಲಿ ವೈಟ್‌ಫೀಲ್ಡ್ ಕೋರ್ ಬರೆದರೆ, ಅದರ ಹಿಂದೆ ಅದರ ನೆಂಟರಿಷ್ಟರೆಲ್ಲ ಬಂದು ಕೂರುತ್ತಾರೆ, ಮತ್ತೆ ಬಲೆ. ರಸ್ತೆ ಬೋರ್ಡ್‌ನಲ್ಲಿ ‘ಮೈಸೂರು’ ಅಂತ ಬಾಣದ ಗುರುತಿದ್ದರೆ ಸಾಕು, ಅರಮನೆ ಬರೆಯಬೇಕಿಲ್ಲ. ಲಿಂಕ್ ಮೇಲಿನ ಮ್ಯಾಪ್‌ನ ಆಸ್ತಿ. ಸೈಟ್ ಮ್ಯಾಪ್‌ನಲ್ಲಿ ಒಂದು ಬಾಣ, ಒತ್ತಿದರೆ ಆ ಕಡೆಯ ಮ್ಯಾಪ್ ತೆರೆಯಬೇಕು, ಅಷ್ಟೆ.

ವಿಪಿಎನ್ ಟನಲ್‌ಗಳನ್ನಂತೂ (ಬೇರೆ ಲಿಂಕ್‌ಗಳ ಮೇಲೆಯೇ ಎರಡು ಸೈಟ್‌ಗಳ ನಡುವೆ ಕಟ್ಟಿಕೊಂಡ ಖಾಸಗಿ ದಾರಿ) ಇದರಲ್ಲಿ ಬೆರೆಸಲೇಬೇಡಿ. 14 ಸೈಟ್‌ಗಳು ಪರಸ್ಪರ ಸೇರಿಕೊಂಡರೆ 91 ಗೆರೆ. ಅದಕ್ಕೆ ಬೇರೆ ಮ್ಯಾಪ್, ಬೇರೆ ಪ್ರಶ್ನೆ. ಓಪನ್‌ಎನ್‌ಎಂಎಸ್ ಅನ್ನುವ ಸಾಫ್ಟ್‌ವೇರ್ ಬೇರೊಂದು ದಾರಿ ಹಿಡಿದಿದೆ: ಒಂದು ಉಪಕರಣವನ್ನು ಆಯ್ದುಕೊಂಡರೆ ಅದರಿಂದ ಒಂದು ಹೆಜ್ಜೆ, ಎರಡು ಹೆಜ್ಜೆ ದೂರದಲ್ಲಿರುವವರನ್ನಷ್ಟೇ ತೋರಿಸುತ್ತದೆ. ತನಿಖೆ ಮಾಡುವಾಗ ಇದು ಚೆನ್ನ. ಗೋಡೆಗೆ ಮಾತ್ರ ಖಾಯಂ ಮ್ಯಾಪೇ ಬೇಕು.

ಬಣ್ಣ ಮೇಲಕ್ಕೆ ಏರುವ ಬಗೆ

ಮ್ಯಾಪ್ ಒಡೆದ ತಕ್ಷಣ ಹೊಸ ಪ್ರಶ್ನೆ ಹುಟ್ಟುತ್ತದೆ. ಒಳಗಿನ ಮಹಡಿಯಲ್ಲಿ ಒಂದು ಸ್ವಿಚ್ ಸತ್ತರೆ ಮೇಲಿನ ‘ಬೆಂಗಳೂರು’ ಮ್ಯಾಪ್‌ಗೆ ಹೇಗೆ ಗೊತ್ತಾಗಬೇಕು? ಒಳಗಿನ ಬಣ್ಣವೇ ಐಕಾನ್‌ಗೆ ಹತ್ತಿಕೊಂಡು ಮೇಲೇರುತ್ತದೆ. ಎಷ್ಟು ಏರಬೇಕು ಅನ್ನುವುದನ್ನು ನಾವು ಹೇಳದಿದ್ದರೆ, ಸಾಮಾನ್ಯವಾಗಿ ಒಳಗಿರುವುದರಲ್ಲಿ ಅತಿ ಕೆಟ್ಟ ಬಣ್ಣವೇ ಮೇಲೆ ಬರುತ್ತದೆ.

ನಾವು ಹೇಳಿರಲಿಲ್ಲ. ಜಯನಗರದ ಕಚೇರಿಯಲ್ಲಿ ಒಂದು ಪ್ರಿಂಟರ್ ಇದೆ. ಸಂಜೆ ಆರೂವರೆಗೆ ಕಸ ಗುಡಿಸಲು ಬರುವ ಅಮ್ಮ ಅದರ ಪ್ಲಗ್ ಕಿತ್ತು ತಮ್ಮ ವ್ಯಾಕ್ಯೂಮ್ ಕ್ಲೀನರ್ ಹಾಕುತ್ತಿದ್ದರು, ಮತ್ತೆ ಹಾಕುವುದನ್ನು ಮರೆಯುತ್ತಿದ್ದರು. ಪ್ರಿಂಟರ್ ಕೆಂಪು, ಅದರಿಂದ ಮಹಡಿ ಕೆಂಪು, ಜಯನಗರ ಕೆಂಪು, ಬೆಂಗಳೂರು ಕೆಂಪು. ದಿನಾ ಸಂಜೆ. ಒಂದು ವಾರದಲ್ಲಿ ರಾತ್ರಿ ಪಾಳಿಯವರ ಕಣ್ಣಿಗೆ ಆ ಕೆಂಪು ಗೋಡೆಯ ಸುಣ್ಣದಷ್ಟೇ ಸಹಜವಾಯಿತು. ಹಾಗಾಗಿ ಒಂದು ರಾತ್ರಿ ಜಯನಗರದ ಅಪ್‌ಲಿಂಕೇ ಹೋದಾಗ ಮೇಲಿನ ಮ್ಯಾಪ್‌ನಲ್ಲಿ ಏನೂ ಬದಲಾಗಲಿಲ್ಲ. ಬೆಳಗ್ಗೆ ಕೆಲಸಕ್ಕೆ ಬಂದವರು ಫೋನ್ ಮಾಡಿದಾಗ ಗೊತ್ತಾಯಿತು.

ಆ ಅಮ್ಮನದೇನೂ ತಪ್ಪಿಲ್ಲ, ಮ್ಯಾಪ್ ನಮ್ಮದು. ಆಮೇಲೆ ಹೀಗೆ ಮಾಡಿಕೊಂಡೆವು: ಪ್ರಿಂಟರ್‌ಗಳ ಬಣ್ಣ ಮಹಡಿಯ ಮ್ಯಾಪ್ ದಾಟುವುದಿಲ್ಲ. ಒಂದು ಆಕ್ಸೆಸ್ ಸ್ವಿಚ್ ಸತ್ತರೆ ಸೈಟ್ ಹಳದಿ. ಕೋರ್ ಅಥವಾ ಅಪ್‌ಲಿಂಕ್ ಹೋದರೆ ಮಾತ್ರ ಸೈಟ್ ಕೆಂಪು. ಎರಡು ಕೇಬಲ್ ಸೇರಿಸಿ ಒಂದು ಮಾಡಿದ ಲಿಂಕ್‌ಗೆ ಮ್ಯಾಪ್‌ನಲ್ಲಿ ಒಂದೇ ಗೆರೆ. ಒಂದು ಕೇಬಲ್ ಹೋದರೆ ಹಳದಿ, ಎರಡೂ ಹೋದರೆ ಕೆಂಪು.

ಬೂದು ಬಣ್ಣ ಅಂತ ಇನ್ನೊಂದು ಬೇಕು. ಓವರ್‌ಹೆಡ್ ಟ್ಯಾಂಕ್ ಖಾಲಿಯಾದರೆ ಮನೆಯ ಎಲ್ಲ ನಲ್ಲಿಗಳೂ ಒಣಗುತ್ತವೆ, ಹಾಗಂತ ನಲ್ಲಿಗಳೆಲ್ಲ ಕೆಟ್ಟಿವೆ ಅಂತ ಪ್ಲಂಬರ್‌ನ ಕರೆಯುವುದಿಲ್ಲ. ರೂಟರ್ ಹೋದಾಗ ಅದರ ಹಿಂದಿರುವ 40 ಸ್ವಿಚ್‌ಗಳಿಂದ ಉತ್ತರ ಬರುವುದಿಲ್ಲ. ಅವು ಸತ್ತಿವೆಯೋ ಬದುಕಿವೆಯೋ ಹೇಳಲಾಗದು. ನಾಗಿಯೋಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಪ್ರತಿ ಉಪಕರಣಕ್ಕೂ ‘ಪೇರೆಂಟ್’ (ಅದರ ಮೇಲಿನ ಉಪಕರಣ) ಯಾರು ಅಂತ ಬರೆದಿಟ್ಟರೆ, ಅದು ರೂಟರನ್ನು ‘ಡೌನ್’ ಅನ್ನುತ್ತದೆ, ಹಿಂದಿನವರನ್ನು ‘ಅನ್‌ರೀಚಬಲ್’ ಅನ್ನುತ್ತದೆ. ಮ್ಯಾಪ್‌ನಲ್ಲಿ ಒಂದು ಕೆಂಪು, 40 ಬೂದು. ದೂರಿನ ಟಿಕೆಟ್ ಒಂದೇ. ಮೇಲಿಂದ ಕೆಳಗೆ ಸಾಲಾಗಿ ಬರೆದ ಸೈಟ್ ಮ್ಯಾಪ್ ಇದ್ದರೆ ಈ ಪೇರೆಂಟ್ ಸಂಬಂಧ ಬರೆಯುವುದು ಅರ್ಧ ದಿನದ ಕೆಲಸ.

ಎರಡು ಗೆರೆ, ಒಂದು ಗುಂಡಿ

ಪೀಣ್ಯಕ್ಕೆ ಎರಡು ಬೇರೆಬೇರೆ ಸೇವಾದಾರರ ಲಿಂಕ್ ಇವೆ. ಮ್ಯಾಪ್‌ನಲ್ಲಿ ಎಡಕ್ಕೊಂದು ನೀಲಿ ಗೆರೆ, ಬಲಕ್ಕೊಂದು ಕಿತ್ತಳೆ ಗೆರೆ, ನೋಡಿದರೆ ಧೈರ್ಯ ಬರುತ್ತಿತ್ತು. ಒಂದು ರಾತ್ರಿ ಸುಮಾರು ಒಂದೂಮುಕ್ಕಾಲಿಗೆ ಎರಡೂ ಒಟ್ಟಿಗೆ ಕೆಂಪಾದವು. ರೂಟರ್ ಸುಟ್ಟಿರಬೇಕು ಅಂತ ಒಬ್ಬರನ್ನು ಎಬ್ಬಿಸಿ ಕಳಿಸಿದೆವು. ರೂಟರ್ ಹಾಯಾಗಿತ್ತು. ಮುಕ್ಕಾಲು ಕಿಲೋಮೀಟರ್ ಆಚೆ ರಸ್ತೆ ಅಗೆಯುತ್ತಿದ್ದರು. ಗುಂಡಿಯೊಳಗೆ ಟಾರ್ಚ್ ಬಿಟ್ಟಾಗ ಕಂಡದ್ದು ಕೇಬಲ್ ಹಾಯಿಸುವ ಒಂದೇ ಡಕ್ಟ್ (ಕೊಳವೆ), ಅದರೊಳಗೆ ಎರಡು ಕಂಪನಿಯ ಫೈಬರ್, ಎರಡೂ ಒಂದೇ ಏಟಿಗೆ ತುಂಡು.

ಯಾವ ಡಿಸ್ಕವರಿಯೂ ಇದನ್ನು ಕಂಡುಹಿಡಿಯದು. ಎಲ್‌ಎಲ್‌ಡಿಪಿಗೆ ಪೋರ್ಟ್ ಗೊತ್ತು, ಮಣ್ಣು ಗೊತ್ತಿಲ್ಲ. ಆದ್ದರಿಂದ ಮೂರನೆಯ ಬಗೆಯ ಮ್ಯಾಪ್ ಒಂದು ಬೇಕಾಯಿತು: ನಿಜವಾದ ಊರಿನ ನಕ್ಷೆಯ ಮೇಲೆ ಕೇಬಲ್ ಹೋಗುವ ದಾರಿ, ನೆಲದಡಿಯ ಕೇಬಲ್ ಚೇಂಬರ್, ಕಟ್ಟಡದೊಳಗೆ ಬರುವ ತೂತು. ಇಲ್ಲಿ ಮಾತ್ರ ದೂರ, ದಿಕ್ಕು ಎಲ್ಲ ಮುಖ್ಯ. ‘ಏನು ಸತ್ತಿದೆ’ ಅನ್ನುವುದಕ್ಕೆ ಟೋಪಾಲಜಿ ಮ್ಯಾಪ್, ‘ಎಲ್ಲಿಗೆ ಆಟೊ ಹಿಡಿಯಬೇಕು’ ಅನ್ನುವುದಕ್ಕೆ ಇದು. ಸೇವಾದಾರರು ದಾರಿಯ ವಿವರ ಸುಲಭವಾಗಿ ಕೊಡುವುದಿಲ್ಲ. ಒಪ್ಪಂದದಲ್ಲಿ ಮೊದಲೇ ಬರೆಸಿಕೊಳ್ಳಬೇಕು. ಹೀಗೆ ಬರೆಸಿಕೊಂಡು ಹಾಕಿ ನೋಡಿದಾಗ ಇನ್ನೂ ಎರಡು ಸೈಟ್‌ಗಳಲ್ಲಿ ಎರಡು ಗೆರೆ ಒಂದೇ ಚೇಂಬರ್ ದಾಟುತ್ತಿದ್ದವು.

ಹೆಸರಿನ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ. ‘ಸ್ವಿಚ್-7’ ಅನ್ನುವುದು ಹೆಸರಲ್ಲ. ‘ಪೀಣ್ಯ-ಮಹಡಿ2-ಆಕ್ಸೆಸ್-01’ ಅಂದರೆ ಮ್ಯಾಪ್ ತೆರೆಯುವ ಮೊದಲೇ ಅರ್ಧ ದಾರಿ ಬಂದಂತೆ. ಪೋರ್ಟ್‌ನ ವಿವರಣೆಯಲ್ಲೂ ಆ ತುದಿಯ ಹೆಸರು ಬರೆಯಿರಿ. ಎಲ್‌ಎಲ್‌ಡಿಪಿ ಹೇಳಿದ್ದಕ್ಕೂ ನೀವು ಬರೆದದ್ದಕ್ಕೂ ತಾಳೆಯಾಗದಿದ್ದರೆ ಯಾರೋ ಕೇಬಲ್ ಬದಲಿಸಿದ್ದಾರೆ ಅಂತ ಅರ್ಥ.

ಈಗ ಡಿಸ್ಕವರಿಯಲ್ಲಿ ಹೊಸದಾಗಿ ಸಿಕ್ಕಿದ್ದು ನೇರ ಯಾವ ಮ್ಯಾಪ್‌ಗೂ ಹೋಗುವುದಿಲ್ಲ. ‘ಗುರುತು ಸಿಗದವರು’ ಅಂತ ಒಂದು ಮ್ಯಾಪ್ ಇದೆ, ಅಲ್ಲಿ ಬೀಳುತ್ತದೆ. ಶನಿವಾರ ಬೆಳಗ್ಗೆ ಯಾರ ಪಾಳಿಯೋ ಅವರು ಅದನ್ನು ಖಾಲಿ ಮಾಡಬೇಕು. ಕಳೆದ ವಾರ ಮೂರು ಇದ್ದವು. ಎರಡು ಹೊಸ ಆಕ್ಸೆಸ್ ಸ್ವಿಚ್, ಹೆಸರಿಟ್ಟು ಮನೆ ಸೇರಿಸಿದೆವು. ಮೂರನೆಯದರ ಹೆಸರು ‘ಟೆಸ್ಟ್-2’. ಪಿಂಗ್‌ಗೆ ಉತ್ತರ ಕೊಡುತ್ತದೆ, ಲಾಗಿನ್ ಬಿಡುವುದಿಲ್ಲ. ಯಾವ ಉಪಕರಣ ಯಾವ ಪೋರ್ಟಿನಲ್ಲಿದೆ ಅಂತ ಸ್ವಿಚ್ ಬರೆದಿಟ್ಟುಕೊಳ್ಳುವ ಮ್ಯಾಕ್ ಪಟ್ಟಿಯ ಪ್ರಕಾರ ಜಯನಗರ ಎರಡನೇ ಮಹಡಿಯ ಸ್ವಿಚ್‌ನ 17ನೇ ಪೋರ್ಟ್. ಹೋಗಿ ನೋಡಿದರೆ 17ನೇ ಪೋರ್ಟಿನ ಕೇಬಲ್ ಗೋಡೆ ಹತ್ತಿ ಫಾಲ್ಸ್ ಸೀಲಿಂಗ್‌ನೊಳಗೆ ಮಾಯವಾಗುತ್ತದೆ. ಸೋಮವಾರ ಏಣಿ ತರಿಸಬೇಕು.